ಮಾಳಪ್ಪಜ್ಜನ ಮೊಳ

ಬಟ್ಟೆ ಕೊಳ್ಳುವಾಗ ನನಗೊಂದು ಕೆಟ್ಟ ಚಾಳಿಯಿದೆ. ಅಂಗಡಿಯ ಹುಡುಗ ಮೀಟರ್ ಪಟ್ಟಿ ಇಟ್ಟು ಅಳೆದು, ಚರ್ರನೆ ಹರಿದು, ಮಡಿಚಿ ಚೀಲಕ್ಕೆ ಹಾಕಿ ಕೊಟ್ಟ ಮೇಲೆ ನಾನು ಅದನ್ನು ಮತ್ತೆ ಹೊರಗೆ ತೆಗೆಯುತ್ತೇನೆ. ಮೊಣಕೈ ಊರಿ, ನಡುಬೆರಳಿನ ತುದಿಯವರೆಗೆ ಬಟ್ಟೆ ಎಳೆದು ಮೊಳ ಹಾಕುತ್ತೇನೆ. ನನ್ನ ಎರಡು ಮೊಳ, ಮೇಲೊಂದು ಅಂಗೈ ಅಗಲ ಸೇರಿದರೆ ಒಂದು ಮೀಟರು. ಜೊತೆಗೆ ಬಂದ ಸೊಸೆ ಸರಿಯಾಗಿ ಆ ಹೊತ್ತಿಗೇ ಎದುರಿನ ಬಳೆ ಅಂಗಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗುತ್ತಾಳೆ. ಅವಳದೇನೂ ತಪ್ಪಿಲ್ಲ. ಅತ್ತೆಯ ಇಂಥ ಚಾಳಿಗಳನ್ನು ಸಹಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನಾನೂ ಸೊಸೆಯಾಗಿದ್ದವಳೇ, ಬಲ್ಲೆ.

ಇದರಲ್ಲಿ ಇನ್ನೂ ದೊಡ್ಡ ಮುಜುಗರವೆಂದರೆ ಅದು ಪರರ ಅಂಗಡಿಯಲ್ಲ. ಸೊಲ್ಲಾಪುರದ ನವಿ ಪೇಠೆಯ ನಮ್ಮದೇ ಅಂಗಡಿ. ಈಗ ಗಾದಿಯ ಮೇಲೆ ಕೂಡುವವನು ನನ್ನ ಮೈದುನನ ಮಗ ಮಹೇಶ. "ದೊಡ್ಡವ್ವಾ, ಮನಿ ಅಂಗಡಿ ಮ್ಯಾಲರೆ ಭರವಸಾ ಇಡಬಾರದೇನ?" ಅನ್ನುತ್ತಾನೆ. "ಮನಿ ಅಂಗಡಿ ಅಂತs ಅಳಿಯಾಕತ್ತೀನಿ" ಅನ್ನುತ್ತೇನೆ. ಅವನು ನಗುತ್ತಾನೆ. ನಾನು ನಗುವುದಿಲ್ಲ.

ಅವನ ತಲೆಯ ಮೇಲೆ ಗೋಡೆಗೊಂದು ದೊಡ್ಡ ಫೋಟೋ ಇದೆ, ಶ್ರೀಗಂಧದ ಹಾರ ಹಾಕಿದ್ದು. ಕೆಳಗೆ ಹಾಸಿದ ಕರಿ ಕಂಬಳಿ, ಹಣೆತುಂಬ ಅರಿಸಿನದ ಭಂಡಾರ, ಕಿವಿಯವರೆಗೆ ಹೋದ ಮೀಸೆ, ಬಟ್ಟೆಯ ಮೇಲೆ ಚಾಚಿದ ತೋಳು. ಗಿರಾಕಿ ಯಾರಾದರೂ ಕೇಳಿದರೆ ಮಹೇಶ ಎದ್ದು ನಿಂತೇ ಹೇಳುತ್ತಾನೆ: ಇವರು ಮಾಳಪ್ಪಜ್ಜ, ನಮ್ಮ ಮನೆತನದ ಮೂಲಪುರುಷನಿಗೆ ನೆರಳು ಕೊಟ್ಟ ಕುರುಬರ ವಂಶದವರು, ನಮ್ಮ ಪೇಠೆಯ ಇತಿಹಾಸ. ಗಿರಾಕಿ ಕೈ ಮುಗಿಯುತ್ತಾನೆ. ಆ ಫೋಟೋದಲ್ಲಿರುವುದು ಮಾಳಪ್ಪಜ್ಜ ಅಲ್ಲ. ಯಾರೆಂದು ಆಮೇಲೆ ಹೇಳುತ್ತೇನೆ, ಈಗಲೇ ಹೇಳಹೊರಟರೆ ಸಿಟ್ಟಿನಲ್ಲಿ ಮಾತು ಕೆಡುತ್ತದೆ.

ನಾನು ಅಕ್ಕಲಕೋಟೆಯ ಹುಡುಗಿ. ನನ್ನಪ್ಪನದು ಅಲ್ಲೊಂದು ಸಣ್ಣ ಕಿರಾಣಿ ಅಂಗಡಿ. ಉಪ್ಪು, ಬೆಲ್ಲ, ಎಲೆ, ತಂಬಾಕು ಇಷ್ಟೇ ಅದರ ಸಂಪತ್ತು. ಅಪ್ಪ ಕೈಗೆ ತಂಬಾಕಿನ ಘಾಟು ಮೆತ್ತಿಸಿಕೊಂಡೇ ನನಗೆ ಊಟ ಮಾಡಿಸುತ್ತಿದ್ದನಂತೆ, ಆದ್ದರಿಂದಲೇ ನನ್ನ ನಾಲಿಗೆ ಇಷ್ಟು ಖಾರವಾಯಿತೆಂದು ನಮ್ಮವರು, ಅಂದರೆ ನನ್ನ ಯಜಮಾನರು, ಕೊನೆಯವರೆಗೂ ಹೇಳುತ್ತಿದ್ದರು. ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಓಣಿಯಲ್ಲಿ ಕುರಿ ಹಿಂಡುಗಳು ಹಾಯ್ದು ಹೋಗುತ್ತಿದ್ದವು. ಹಿಂಡು ಬಂತೆಂದರೆ ಓಣಿಗೆ ಓಣಿಯೇ ಉಣ್ಣೆಯ ವಾಸನೆ. ಅವ್ವ ಹಾಸಿದ ಹಪ್ಪಳ ಎತ್ತಿಕೊಂಡು ಒಳಗೆ ಓಡುತ್ತಿದ್ದಳು, ನಾನು ಹೊರಗೆ ಓಡುತ್ತಿದ್ದೆ. ಹಿಂಡಿನ ಹಿಂದೆ ಬರುವ ಕುರುಬನೇ ಮಾಳಪ್ಪಜ್ಜ. ಆಗಿನ್ನೂ ಅಜ್ಜನಲ್ಲ, ಆದರೂ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು.

ಅವನು ಅಪ್ಪನ ಅಂಗಡಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಕೆಳಗಿನ ಮೆಟ್ಟಿಲು ಎಂದು ಒತ್ತಿ ಹೇಳುತ್ತಿದ್ದೇನೆ. ಮೇಲಿನದು ನಮ್ಮವರಿಗೆ. ಯಾರೂ ಅವನಿಗೆ ಕೆಳಗೆ ಕೂಡು ಅಂದಿರಲಿಲ್ಲ, ಮೇಲೆ ಬಾ ಅಂತಲೂ ಅಂದಿರಲಿಲ್ಲ. ಮರಿ ಹಿಡಿಯಲು ಕೊಡುತ್ತಿದ್ದ ನನಗೆ. ಅದು ಒದ್ದುಕೊಂಡು ಓಡಿದರೆ ನಕ್ಕು, ಕೂತಲ್ಲಿಂದಲೇ ಕೈ ಚಾಚಿ ಹಿಂಗಾಲು ಹಿಡಿದು ಎಳೆಯುತ್ತಿದ್ದ. ಅಷ್ಟುದ್ದದ ತೋಳು ನಾನು ಆಮೇಲೆ ಯಾರಲ್ಲೂ ನೋಡಲಿಲ್ಲ.

ಮದುವೆಯಾಗಿ ನಾನು ಸೊಲ್ಲಾಪುರಕ್ಕೆ ಬಂದದ್ದು ಎಪ್ಪತ್ತರ ದಶಕದ ಮೊದಲಿನಲ್ಲಿ. ದೊಡ್ಡ ಪೇಠೆ, ಕೆಳಗೆ ಅಂಗಡಿ, ಮೇಲೆ ಮನೆ. ಅಡಿಗೆ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಮೆಟ್ಟಿಲ ಮೇಲೆ ಎರಡೂ. ಮಾವ ಆಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ನಮ್ಮವರು, ಮೈದುನ ಚಂದ್ರಕಾಂತ. ಚಂದುವಿಗೆ ಮರಾಠಿ ನಾಟಕದ ಹುಚ್ಚು. ಅಂಗಡಿಯಲ್ಲಿ ಸೀರೆಯ ಸೆರಗು ಬಿಚ್ಚಿ ತೋರಿಸುವಾಗಲೂ ಪರದೆ ಏಳುತ್ತಿದೆ ಅನ್ನುವ ಹಾಗೆ ತೋರಿಸುತ್ತಿದ್ದ. ಹೆಂಗಸರು ಮೆಚ್ಚಿ ನೋಡಿ, ಸೀರೆಯನ್ನು ಪಕ್ಕದ ಅಂಗಡಿಯಲ್ಲಿ ಕೊಳ್ಳುತ್ತಿದ್ದರು.

ಮೊದಲ ದೀಪಾವಳಿಗೆ ತವರಿಗೆ ಹೋಗುತ್ತೇನೆಂದು ಕುಣಿಯುತ್ತಿದ್ದ ನನ್ನನ್ನು ಅತ್ತೆ ತಡೆದರು. "ಪಂಚಮಿ ಮುಗಿಸ್ಕೊಂಡು ಹೋಗವಾ. ನಮ್ಮ ಮನಿ ದೀಪಾವಳಿ ಪಂಚಮಿಗೇ ಅದ" ಅಂದರು. ನನಗೆ ಅಳು ಬಂತು. ಪಾಡ್ಯದ ದಿನ ಎಲ್ಲರ ಹಾಗೆ ನಮ್ಮಲ್ಲೂ ಅಂಗಡಿ ಪೂಜೆಯಾಯಿತು. ಆದರೆ ಪೂಜೆ ಮುಗಿಸಿ ಬಾಗಿಲು ಎಳೆದವರು ಮತ್ತೆ ತೆಗೆಯಲಿಲ್ಲ. ಇಡೀ ಪೇಠೆಯಲ್ಲಿ ವ್ಯಾಪಾರ ಜೋರಾಗಿ ನಡೆದಿದೆ, ನಮ್ಮ ಅಂಗಡಿಗೆ ಮಾತ್ರ ಬೀಗ. ಹುಚ್ಚರ ಮನೆಗೆ ಕೊಟ್ಟರೇನೋ ಅಂದುಕೊಂಡೆ.

ನಾಲ್ಕು ದಿನ ಕಳೆದು ಬಂದ ಪಂಚಮಿಯ ಬೆಳಿಗ್ಗೆ ಅತ್ತೆ ಹೋಳಿಗೆಗೆ ಹೂರಣ ರುಬ್ಬಿಸಿ, ತಂಬಿಗೆಯಲ್ಲಿ ನೀರು, ಆರತಿ ತಟ್ಟೆ ಹಿಡಿದು ಕೆಳಗೆ ಹೋದರು. ಹಿಂದೆ ನಾನು. ಅಂಗಡಿಯ ಮುಂದೆ ಜನ ಸಾಲುಗಟ್ಟಿ ನಿಂತಿದ್ದಾರೆ. ಆ ಜನರ ನಡುವಿನಿಂದ, ಕೋಲೂರಿಕೊಂಡು, ಹೆಗಲಿಗೆ ಕಂಬಳಿ, ಕೈಯಲ್ಲಿ ಸಜ್ಜಿ ತೆನೆಯ ಕಟ್ಟು ಹಿಡಿದು ಬಂದವನು ಯಾರು? ನಮ್ಮ ಕೆಳಗಿನ ಮೆಟ್ಟಿಲಿನ ಮಾಳಪ್ಪಜ್ಜ! ಅಕ್ಕಲಕೋಟ ರೋಡ ಸ್ಟೇಷನ್ನಿನಿಂದ ಪ್ಯಾಸೆಂಜರ್ ಗಾಡಿ ಹಿಡಿದು ಬಂದಿದ್ದ. ಅತ್ತೆ ಅವನ ಕಾಲಿಗೆ ನೀರು ಹಾಕಿದರು. ಅವನು ನೆಟ್ಟಗೆ ಒಳಗೆ ಹೋಗಿ, ಬೆಳ್ಳನೆಯ ಗಾದಿಯ ಮೇಲೆ ತನ್ನ ಕಂಬಳಿ ಹಾಸಿ, ಅದರ ಮೇಲೆ ಕೂತುಬಿಟ್ಟ. ನಮ್ಮವರು, ಚಂದು, ಅಂಗಡಿಯ ಆಳುಗಳು ಎಲ್ಲರೂ ಕೆಳಗೆ. ನನ್ನನ್ನು ನೋಡಿ, "ಅಯ್ಯ, ಅಕ್ಕಲಕೋಟಿ ಮಗಳಲ್ಲ! ಮರಿ ಹಿಡಿಯಾಕ ಕಲತಿಯೇನವಾ?" ಅಂದ. ತವರಿಗೆ ಹೋಗಲಿಲ್ಲವೆಂಬ ದುಃಖ ಅಲ್ಲಿಗೆ ಮುಗಿಯಿತು. ತವರೇ ಗಾದಿಯ ಮೇಲೆ ಕೂತಿತ್ತು.

ಕತೆಯನ್ನು ಅತ್ತೆ ಆಮೇಲೆ ಹೋಳಿಗೆ ಲಟ್ಟಿಸುತ್ತ ಹೇಳಿದರು. ಪೇಠೆ ಹುಟ್ಟುವ ಮೊದಲು ಅಲ್ಲಿ ಬಯಲಿತ್ತಂತೆ, ಕುರುಬರು ಹಿಂಡು ತರುಬಿ ತಂಗುತ್ತಿದ್ದರಂತೆ. ನಮ್ಮ ಮನೆತನದ ಹಿರಿಯನೊಬ್ಬ ದುಧನಿಯ ಕಡೆಯಿಂದ ತಲೆಯ ಮೇಲೆ ಬಟ್ಟೆ ಗಂಟು ಹೊತ್ತು ಮಾರುತ್ತ ಬಂದವನು ಜ್ವರ ಬಂದು ಆ ಬಯಲಿನಲ್ಲಿ ಬಿದ್ದನಂತೆ. ಮಾಳಪ್ಪಜ್ಜನ ಹಿರಿಯ ಅವನನ್ನು ಕುರಿಗಳ ನಡುವೆ ಬೆಚ್ಚಗೆ ಮಲಗಿಸಿ, ಕಂಬಳಿ ಹೊದಿಸಿ, ಹಾಲು ಕುಡಿಸಿ ಬದುಕಿಸಿದ. ಎದ್ದು ಕೂತವನಿಗೆ, "ಎಲ್ಲಿ ತಿರುಗತಿ, ಇಲ್ಲೇ ಮಾರು" ಎಂದು ತನ್ನ ಕಂಬಳಿಯನ್ನೇ ನೆಲಕ್ಕೆ ಹಾಸಿಕೊಟ್ಟ. ಅದೇ ನಮ್ಮ ಮೊದಲ ಅಂಗಡಿ. ಗಂಟಿನಲ್ಲಿ ಬಟ್ಟೆಯಿತ್ತು, ಅಳೆಯುವ ಗಜ ಎಲ್ಲೋ ಬಿದ್ದುಹೋಗಿತ್ತು. ಮೊದಲ ಗಿರಾಕಿಗೆ ಕುರುಬನೇ ತನ್ನ ತೋಳಿನಿಂದ ಅಳೆದುಕೊಟ್ಟ. ಅಂದಿನಿಂದ ಪಂಚಮಿಯ ದಿನ ಆ ಮನೆಯವನೊಬ್ಬ ಬಂದು ನಮ್ಮ ಗಾದಿಯ ಮೇಲೆ ಕೂತು ಮೊದಲ ಬಟ್ಟೆ ಅಳೆಯಬೇಕು. ಕಬ್ಬಿಣದ ಗಜಕ್ಕೆ ಆ ಹೊತ್ತು ಕೆಲಸವಿಲ್ಲ, ಅದಕ್ಕೆ ಭಂಡಾರ ಹಚ್ಚಿ ಮೂಲೆಗೆ ಒರಗಿಸಿಡುತ್ತಿದ್ದರು.

ಇದೆಲ್ಲ ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಆದರೆ ಮೊಳ ನಿಜ, ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ದಪ್ಪ ಹತ್ತಿಯ ಬಿಳಿ ಬಟ್ಟೆಯ ಇಡೀ ಥಾನು ಬಿಚ್ಚಿಡುತ್ತಿದ್ದರು. ಅಜ್ಜ ಮೊಣಕೈ ಊರಿ ಮೊಳ ಹಾಕುವನು. ಆ ತೋಳಿನ ಮೊಳವೇ ಉದ್ದ, ಅದರ ಮೇಲೆ ಪ್ರತಿ ಸಲವೂ ನಾಲ್ಕು ಬೆರಳು ಮುಂದೆ ಸರಿಸಿ "ಹುಲುಸಾಗ್ಲಿ" ಅನ್ನುವನು. ನಮ್ಮವರು ಹರಿದುಕೊಡುವರು. ಬಸುರಿ ಮಗಳನ್ನು ಮನೆಗೆ ಕರೆತಂದ ತಾಯಂದಿರು ಅದಕ್ಕಾಗಿ ಬೆಳಗಿನಿಂದ ನಿಲ್ಲುತ್ತಿದ್ದರು. ಆ ಬಟ್ಟೆಯಲ್ಲಿ ಕುಂಚಿಗೆ ಹೊಲಿದರೆ ಕೂಸಿಗೆ ಥಂಡಿ ತಾಗುವುದಿಲ್ಲವೆಂದು ನಂಬಿಕೆ. ನನ್ನ ಮಗನ ಕುಂಚಿಗೆಯೂ ಅದೇ ಬಟ್ಟೆಯದು. ಅವನಿಗೆ ವರ್ಷವಿಡೀ ನೆಗಡಿಯಿರುತ್ತಿತ್ತು, ಅದು ಬೇರೆ ಮಾತು.

ಅಳತೆ ಮುಗಿದ ಮೇಲೆ ಅತ್ತೆ ಅಜ್ಜನಿಗೆ ಆರತಿ ಬೆಳಗುವರು. ಅತ್ತೆಗೆ ಒಡಹುಟ್ಟಿದ ಅಣ್ಣತಮ್ಮಂದಿರಿರಲಿಲ್ಲ. ಭಾವೂಬೀಜದ ದಿನ ಪೇಠೆಯ ಹೆಂಗಸರೆಲ್ಲ ಅಣ್ಣ ಬಂದ, ತಮ್ಮ ಬಂದ ಎಂದು ಸಂಭ್ರಮಿಸುವಾಗ ಅತ್ತೆ ಮಹಡಿಯ ಕಿಟಕಿ ಮುಚ್ಚಿಕೊಂಡು ಮಲಗುತ್ತಿದ್ದರು. "ನನ್ನ ಭಾವೂಬೀಜ ಪಂಚಮಿಗೆ ಬರ್ತದ" ಅನ್ನುತ್ತಿದ್ದರು. ಮಾವ ಸಾಯುವ ಮೊದಲು ಅತ್ತೆಯ ಕೈ ಹಿಡಿದು ಹೇಳಿದ್ದು ಒಂದೇ ಮಾತಂತೆ: ಅಜ್ಜನ ಗಾದಿ ತಪ್ಪಿಸಬ್ಯಾಡ. ಗಂಡ ಬಿಟ್ಟುಹೋದ ಬಂಗಾರವನ್ನು ಅತ್ತೆ ಸೊಸೆಗೆ ಕೊಟ್ಟರು, ಬೀಗದ ಕೈ ಮಕ್ಕಳಿಗೆ ಕೊಟ್ಟರು. ಇದೊಂದನ್ನು ಮಾತ್ರ ತಾವೇ ಇಟ್ಟುಕೊಂಡಿದ್ದರು.

ಹೀಗೆ ನಾಲ್ಕಾರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ನಮ್ಮ ಪೇಠೆಗೆ ಇತಿಹಾಸ ಬಂತು.

ಅದು ಎಲ್ಲಿಂದ ಬಂತೋ. ಬೇರೆ ಯಾವುದೋ ಪೇಠೆಯವರು ಸಮಾರಂಭ ಮಾಡಿದರಂತೆ, ನಾವೂ ಮಾಡಬೇಕೆಂದು ವ್ಯಾಪಾರಿಗಳೆಲ್ಲ ಸೇರಿ ಒಂದು ಸಮಿತಿ ಕಟ್ಟಿದರು. ಪೇಠೆಯ ಹಳೆಯ ನೆನಪುಗಳನ್ನು ಜನರ ಮುಂದಿಡುವುದಂತೆ. ಚಂದು ಅದರ ಚಿಟಣೀಸ, ಅಂದರೆ ಕಾರ್ಯದರ್ಶಿ. ಸಭೆಗಳು ನಮ್ಮ ಮಹಡಿಯಲ್ಲೇ ನಡೆಯುತ್ತಿದ್ದವು, ಚಹಾ ಮಾಡುವವಳು ನಾನು. ಆದ್ದರಿಂದ ಪೇಠೆಯ ಇತಿಹಾಸ ಹೇಗೆ ತಯಾರಾಯಿತೆಂದು ನನಗೆ ಚೆನ್ನಾಗಿ ಗೊತ್ತು. ಒಬ್ಬರ ಅಜ್ಜ ಪೇಠೆಯಲ್ಲಿ ಮೊದಲ ದೀಪ ಹಚ್ಚಿದ್ದ. ಇನ್ನೊಬ್ಬರ ಮುತ್ತಜ್ಜನ ಕೈಯಿಂದ ಯಾವನೋ ರಾಜ ರುಮಾಲು ಸುತ್ತಿಸಿಕೊಂಡಿದ್ದ. ಮೂರನೆಯವರಿಗೆ ಏನೂ ಹೊಳೆಯದೆ ಎರಡು ಸಭೆ ಸುಮ್ಮನೆ ಕೂತು, ಮೂರನೆಯ ಸಭೆಗೆ ಒಂದು ಬಾವಿ ತಂದರು. ಯಾರ ಅಜ್ಜನೂ ಅಳತೆಯಲ್ಲಿ ಕಡಿಮೆ ಕೊಟ್ಟವನಲ್ಲ, ಯಾರ ಅಜ್ಜನೂ ಬಣ್ಣ ಬಿಡುವ ಬಟ್ಟೆ ಮಾರಿದವನಲ್ಲ. ಇಷ್ಟು ಒಳ್ಳೆಯ ಮನುಷ್ಯರೆಲ್ಲ ಒಂದೇ ಪೇಠೆಯಲ್ಲಿದ್ದರೆಂದ ಮೇಲೆ ನಮ್ಮ ಕಾಲಕ್ಕೆ ಒಬ್ಬರೂ ಯಾಕೆ ಉಳಿಯಲಿಲ್ಲವೋ, ಆ ಮಾತನ್ನು ಯಾರೂ ಎತ್ತಲಿಲ್ಲ.

ಬೇರೆ ಯಾರ ಇತಿಹಾಸದಲ್ಲೂ ತೋರಿಸುವುದಕ್ಕೆ ಏನೂ ಇರಲಿಲ್ಲ. ನಮ್ಮದರಲ್ಲಿ ಮಾತ್ರ ಗಾದಿಯಿತ್ತು, ಕಂಬಳಿಯಿತ್ತು, ಬದುಕಿರುವ ಅಜ್ಜನಿದ್ದ. ಚಂದು ಒಂದು ದಿನ ಅಡಿಗೆ ಮನೆಗೇ ಬಂದು ಅತ್ತೆಯ ಮುಂದೆ ಕೂತ.

"ಅವ್ವಾ, ಈ ಸಲ ಅಜ್ಜನ ಗಾದಿ ಸ್ಟೇಜಿನ ಮ್ಯಾಲ. ಇಡೀ ಸೊಲ್ಲಾಪುರ ನೋಡ್ತದ."

"ಅಂಗಡಿ ಬಿಟ್ಟು ಗಾದಿ ಹೊರಗ್ಯಾಕ?"

"ಅಂಗಡಿಯೊಳಗ ಎಷ್ಟು ಮಂದಿ ಹಿಡೀತಾರ ಹೇಳು. ಅಜ್ಜಗ ಮಾನ ಆಗೂದು ನಿನಗ ಬ್ಯಾಡೇನು?"

ಈ ಕೊನೆಯ ಮಾತಿಗೆ ಅತ್ತೆ ಸೋತರು. ಅಣ್ಣನಿಗೆ ಮಾನವಾಗುತ್ತದೆಂದರೆ ಯಾವ ತಂಗಿ ಬೇಡ ಅಂದಾಳು? "ಖರೇ ಅವನs ಕೂಡಬೇಕು, ಅವನs ಅಳೀಬೇಕು" ಅಂದರು. "ಮತ್ತ್ಯಾರು ಕೂಡ್ತಾರವ್ವಾ!" ಎಂದು ಚಂದು ನಕ್ಕ. ನಮ್ಮವರು ಯಾವಾಗಿನಂತೆ ಸುಮ್ಮನಿದ್ದರು. ನಮ್ಮವರ ಸುಮ್ಮನಿರುವಿಕೆಯ ಬಗ್ಗೆ ಬರೆಯಹೊರಟರೆ ಅದೇ ಬೇರೆ ಪ್ರಬಂಧವಾಗುತ್ತದೆ.

ಪಂಚಮಿ ಬಂತು. ಪೇಠೆಯ ನಡುವೆ ಮಂಟಪ, ಬಣ್ಣದ ಕಾಗದದ ಪರಪರಿ, ಬೆಳಗಿನಿಂದ ಕಿರುಚುವ ಧ್ವನಿವರ್ಧಕ. ನಾನು ಮೇಲಿನ ಕಿಟಕಿಯಿಂದ ದಾರಿ ನೋಡುತ್ತಿದ್ದೆ. ಮಾಳಪ್ಪಜ್ಜ ಬಂದದ್ದು ಮೊದಲು ಗುರುತೇ ಸಿಗಲಿಲ್ಲ, ಸಿಕ್ಕೊಡನೆ ಕೆಳಗೆ ಓಡಿದೆ. ಅಚ್ಚ ಬಿಳಿಯ ಹೊಸ ಟೆರಿಲಿನ್ ಅಂಗಿ, ಕುತ್ತಿಗೆಯವರೆಗೆ ಗುಂಡಿ, ಇಸ್ತ್ರಿ ಮಾಡಿದ ಧೋತರ. ಮೊಮ್ಮಗನ ಕೈಗಡಿಯಾರ. ಕಂಬಳಿ ಕೈಚೀಲದಲ್ಲಿ ಮಡಿಚಿಟ್ಟಿತ್ತು. ಸಾಲದ್ದಕ್ಕೆ ಮೀಸೆಯಿಲ್ಲ, ಆ ತಿಂಗಳೇ ಅಣ್ಣ ತೀರಿಕೊಂಡು ತಲೆ ಮೀಸೆ ಬೋಳಿಸಿದ್ದ. ಸೂತಕ ಕಳೆದಿತ್ತು. ದುಃಖವಿನ್ನೂ ಹಸಿಯಾಗಿತ್ತು, ಆದರೂ ಬಂದಿದ್ದ. "ದೊಡ್ಡ ಸಭಾ ಅಂದ್ರು. ಹೆಂಗರೆ ಬಂದ್ರ ನಿಮಗ ಕಡಿಮಿ ಅಲ್ಲೇನವಾ?" ಎಂದು ಅಂಗಿಯ ತೋಳು ಸರಿಮಾಡಿಕೊಂಡ. ತನ್ನ ಮಾನಕ್ಕಲ್ಲ, ನಮ್ಮ ಮಾನಕ್ಕೆ ಹೊಲಿಸಿದ ಅಂಗಿ ಅದು.

ಸಮಿತಿಯವರು ಅವನನ್ನು ಸುತ್ತುಗಟ್ಟಿ ನೋಡಿದರು. ಫೋಟೋ ತೆಗೆಯುವವನು ಕುತ್ತಿಗೆ ಓರೆ ಮಾಡಿ, "ಹೇ ಧನಗರ ವಾಟತ್ ನಾಹೀತ" ಅಂದ. ಇವರು ಕುರುಬರ ಹಾಗೆ ಕಾಣುವುದಿಲ್ಲವಂತೆ. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನಿಗೆ, ಅವನು ಕುರುಬನಲ್ಲವೆಂದು ಕ್ಯಾಮರಾ ಹಿಡಿದವನು ಹೇಳಿದ. ಎಲ್ಲರೂ ಹೌದು ಹೌದು ಅಂದರು.

ಚಂದು ಅಜ್ಜನ ಹೆಗಲ ಮೇಲೆ ಕೈಯಿಟ್ಟ. "ಅಜ್ಜಾ, ಒಂದು ಕೆಲಸ ಮಾಡ್ರಿ. ಈ ಅಂಗಿ ತಗೀರಿ. ಬರೇ ಕಂಬಳಿ ಹೊದ್ದು ಕೂಡ್ರಿ. ಮೀಸಿ ನಮ್ಮ ಕಡೆ ಅದ, ಅಂಟಸ್ತೀನಿ."

"ಮೀಸಿ ಅಣ್ಣನ ಸಲುವಾಗಿ ತಗಿಸೀನಪಾ" ಅಂದ ಅಜ್ಜ. "ಮತ್ತ ಗಾದಿ ಮ್ಯಾಲ ಬರಿಮೈಯಾಗ ಹೆಂಗ ಕೂಡ್ಲಿ? ಅದು ಕೂಡೂ ಜಾಗಾ ಅಲ್ಲೇನು?"

ಚಂದು ಅತ್ತ ಹೋಗಿ ಸಮಿತಿಯವರೊಡನೆ ಗುಸುಗುಸು ಮಾಡಿದ. ಬಂದು ಬಹಳ ನಯವಾಗಿ, "ಆತು ಅಜ್ಜಾ, ನೀವು ಆರಾಮ ಕುರ್ಚಿ ಮ್ಯಾಲ ಕೂಡ್ರಿ. ಆ ಕಂಬಳಿ ಮಾತ್ರ ಇತ್ಲಾಗ ಕೊಡ್ರಿ" ಅಂದ. ಎರಡನೆಯ ಸಾಲಿನಲ್ಲಿ ಒಂದು ಕುರ್ಚಿ, ಕೈಗೊಂದು ಗುಲಾಬಿ ಹೂವು ಕೊಟ್ಟರು. ಮೊದಲ ಸಾಲು ದೊಡ್ಡವರಿಗೆ.

ಅತ್ತೆಗೆ ಇದಾವುದೂ ಗೊತ್ತಿಲ್ಲ. ಅವರು ಹೋಳಿಗೆಯ ಹಿಂದೆ. ಹೇಳಲು ನಾನು ಮೆಟ್ಟಿಲು ಹತ್ತಿ ಅಡಿಗೆ ಮನೆಗೆ ಬರುವಷ್ಟರಲ್ಲಿ ಅವರು ಆರತಿ ತಟ್ಟೆ ಹಿಡಿದು ಇನ್ನೊಂದು ಬಾಗಿಲಿನಿಂದ ಹೊರಟುಹೋಗಿದ್ದರು. ನಾನು ಮರಳಿ ಕೆಳಗೆ ಬಂದಾಗ ಪರದೆ ಎದ್ದಿತ್ತು. ಗಾದಿಯ ಮೇಲೆ ಮಾಳಪ್ಪಜ್ಜನ ಕಂಬಳಿ, ಕಂಬಳಿಯ ಮೇಲೆ ನನ್ನ ಮೈದುನ ಚಂದು. ಬರಿಮೈಗೆ ಕರಿ ಬಣ್ಣ, ಕಿವಿಯವರೆಗೆ ಮೀಸೆ. ಗಂಟಲು ದಪ್ಪ ಮಾಡಿ, ನಾವು ಯಾರೂ ಎಂದೂ ಕೇಳಿರದ ಒಂದು ಹಳ್ಳಿಯ ಮರಾಠಿಯಲ್ಲಿ "ಹೋಯ್, ಹೋಯ್" ಎಂದು ಇಲ್ಲದ ಕುರಿಗಳನ್ನು ಕರೆಯುತ್ತಿದ್ದ. ಮಾಳಪ್ಪಜ್ಜ ಜನ್ಮದಲ್ಲಿ ಮರಾಠಿ ಆಡಿದವನಲ್ಲ. ಜನ ಚಪ್ಪಾಳೆ ತಟ್ಟಿದರು. ಚಂದು ತೋಳು ಬೀಸಿ ಬಟ್ಟೆ ಅಳೆದ, ಮತ್ತೆ ಚಪ್ಪಾಳೆ.

ಮುಖ್ಯ ಅತಿಥಿಗಳು ಎದ್ದು ಕಣ್ಣು ಒರೆಸಿಕೊಂಡು ಭಾಷಣ ಮಾಡಿದರು. "ಅಶೀ ಮಾಣಸಂ ಆತಾ ರಾಹಿಲೀ ನಾಹೀತ." ಅಂಥ ಮನುಷ್ಯರು ಈಗ ಉಳಿದಿಲ್ಲ. ಅವರ ಮೂಗಿನ ನೇರಕ್ಕೆ, ಎರಡನೆಯ ಸಾಲಿನಲ್ಲಿ, ಟೆರಿಲಿನ್ ಅಂಗಿ ಹಾಕಿಕೊಂಡು ಅಂಥ ಮನುಷ್ಯ ಕೂತಿದ್ದ. ಎಲ್ಲರೂ ತಟ್ಟುತ್ತಿದ್ದಾರೆಂದು ಅವನೂ ಚಪ್ಪಾಳೆ ತಟ್ಟಿದ. ಗುಲಾಬಿ ಹೂವು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡ. ನಾನು ಜೀವನದಲ್ಲಿ ಸಾಕಷ್ಟು ಸಾವು ನೋಡಿದ್ದೇನೆ, ನಮ್ಮವರದೂ ನೋಡಿದೆ. ಆ ಚಪ್ಪಾಳೆ ನೆನಪಾದಾಗ ಆಗುವ ಸಂಕಟ ಬೇರೆಯೇ.

ಸ್ಟೇಜಿನ ಮೇಲಿಂದ ಯಾರೋ ಅತ್ತೆಯನ್ನು ಕರೆದರು, ಆರತಿ ಮಾಡಬೇಕಂತೆ. ಫೋಟೋದವನು ಸಿದ್ಧನಾದ. ಅತ್ತೆ ತಟ್ಟೆ ಹಿಡಿದು ನಿಂತೇ ಇದ್ದರು. ಗಾದಿಯ ಮೇಲೆ ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಗ, ಅಣ್ಣನ ಕಂಬಳಿ ಹಾಸಿಕೊಂಡು ಕೂತಿದ್ದಾನೆ. ಅವರು ಸ್ಟೇಜು ಹತ್ತಲಿಲ್ಲ. ಕುರ್ಚಿಗಳ ಸಂದಿಯಲ್ಲಿ, ದೊಡ್ಡವರ ಮೊಣಕಾಲುಗಳನ್ನು ದಾಟಿ ಎರಡನೆಯ ಸಾಲಿಗೆ ಹೋದರು. ಮಾಳಪ್ಪಜ್ಜ ಗಾಬರಿಯಾಗಿ ಎದ್ದು ನಿಂತ.

"ಇಲ್ಲಿ ಬ್ಯಾಡ ತಂಗೀ, ಎಲ್ಲಾರೂ ನೋಡಾಕತ್ತಾರ. ಹೋಗು, ಅಲ್ಲಿ ಮಾಡು."

"ನೋಡ್ಲಿ" ಅಂದರು ಅತ್ತೆ. ಅಲ್ಲೇ ಆರತಿ ಬೆಳಗಿದರು, ಮೀಸೆಯಿಲ್ಲದ ಆ ಮುಖದ ಹಣೆಗೆ ಕುಂಕುಮವಿಟ್ಟರು. ಫೋಟೋದವನು ಕ್ಯಾಮರಾ ತಿರುಗಿಸಲೇ ಇಲ್ಲ. ಆದ್ದರಿಂದ ಆ ದಿನದ ಫೋಟೋಗಳಲ್ಲಿ ಆರತಿಯಿಲ್ಲ, ಅಜ್ಜನೂ ಇಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿರುವವನು ಚಂದು.

ಅಜ್ಜ ಆ ದಿನ ನಮ್ಮ ಮನೆಯ ಹೋಳಿಗೆ ಉಣ್ಣಲಿಲ್ಲ. ಗಾಡಿಯ ಹೊತ್ತಾಯಿತೆಂದು ಗಡಿಯಾರ ನೋಡಿಕೊಂಡ, ಹೊರಟುಬಿಟ್ಟ. ಕಂಬಳಿ ಚಂದುವಿನ ಕೆಳಗೇ ಉಳಿಯಿತು. ಆಮೇಲೆ ಅದು ಸಮಿತಿಯ ನಾಟಕದ ಪೆಟ್ಟಿಗೆಗೆ ಹೋಯಿತು, ಮೀಸೆ ಮತ್ತು ಬಣ್ಣದ ಡಬ್ಬಿಗಳ ಜೊತೆ. ಅತ್ತೆ ವರ್ಷವಿಡೀ ಕೇಳಿದರು: "ಅಣ್ಣನ ಕಂಬಳಿ ಕಳಿಸಿದಿಯೇನೋ?" ಕಳಿಸ್ತೀನವ್ವಾ, ಈ ವಾರ, ಮುಂದಿನ ವಾರ. ಸಮಿತಿಯ ಬೀಗದ ಕೈ ಯಾರ ಹತ್ತಿರವಿದೆಯೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಅಕ್ಕಲಕೋಟೆಯೇನು ಕಾಶಿಯಲ್ಲ. ನಾನೇ ತವರಿಗೆ ಹೋಗುವಾಗ ಒಯ್ಯುತ್ತೇನೆಂದೆ, ಆಗಲೂ ಸಿಗಲಿಲ್ಲ.

ಮರುವರ್ಷ ಸಮಿತಿಯವರು ಸಮಾರಂಭವನ್ನು ಮತ್ತೆ ಮಾಡಿದರು. ಅದಕ್ಕೀಗ ಪರಂಪರೆ ಎಂದು ಹೆಸರು ಬಿದ್ದಿತ್ತು, ಒಂದೇ ವರ್ಷದಲ್ಲಿ. ಹಿಂದಿನ ಸಲ ಜನ ಹೆಚ್ಚಾಗಿ ಅಳೆಯುತ್ತ ಕೂಡಲು ಹೊತ್ತು ಸಾಲಲಿಲ್ಲವೆಂದು ಈ ಸಲ ಬಟ್ಟೆಯನ್ನು ಮೊದಲೇ ಕತ್ತರಿಸಿ ಇಟ್ಟಿದ್ದರು. ಗಾದಿಯ ಮೇಲೆ ಕೂತ ಚಂದು ಗಾಳಿಯಲ್ಲಿ ಒಂದು ಮೊಳ ಹಾಕಿ, "ಹುಲುಸಾಗ್ಲಿ" ಅಂದು, ಪಕ್ಕದ ಗುಡ್ಡೆಯಿಂದ ಒಂದು ತುಂಡು ಎತ್ತಿಕೊಡುತ್ತಿದ್ದ. ಅತ್ತೆ ಆ ದಿನ ಒಲೆ ಹಚ್ಚಿರಲಿಲ್ಲ. ನನ್ನ ಪಕ್ಕದಲ್ಲಿ ಕಿಟಕಿಗೆ ಕೂತಿದ್ದರು, ನೋಡುವುದಿಲ್ಲವೆಂದು ಹೇಳುತ್ತ ನೋಡುತ್ತಿದ್ದರು.

ಸಾಲಿನಲ್ಲಿ ಮಾಳಪ್ಪಜ್ಜ ನಿಂತಿದ್ದ. ಹಳೆಯ ಅಂಗಿ, ಮೈಗೊಂದು ತೆಳ್ಳನೆಯ ಪಂಚೆ ಸುತ್ತಿಕೊಂಡಿದ್ದ. ಮೀಸೆ ಮತ್ತೆ ಬೆಳೆದಿತ್ತು. ಆಮೇಲೆ ತಿಳಿಯಿತು, ಅವನು ಬಂದದ್ದು ಕಂಬಳಿ ಕೇಳಲು, ಥಂಡಿ ಶುರುವಾಗಿತ್ತು. ಆದರೆ ಬಿಲ್ಲೆ ಹಚ್ಚಿಕೊಂಡ ಸ್ವಯಂಸೇವಕರು ಅವನು ಬಟ್ಟೆಗೆ ಬಂದವನೆಂದು ತಿಳಿದು, ಮಾತು ಕೇಳದೆ ಸಾಲಿಗೆ ತಳ್ಳಿದ್ದರು. ಸಾಲು ಮುಂದೆ ಸರಿಯಿತು. ಅಜ್ಜ ಗಾದಿಯ ಮುಂದೆ ಬಂದ. ತನ್ನದೇ ಕಂಬಳಿಯ ಮುಂದೆ ಕೈಯೊಡ್ಡಿ ನಿಂತ. ಚಂದು ತಲೆ ಎತ್ತಿದ. ಗುರುತು ಸಿಕ್ಕಿತು, ತುಂಡಿಗೆ ಚಾಚಿದ ಕೈ ಅಲ್ಲೇ ತಡೆದದ್ದು ನನಗೆ ಕಿಟಕಿಯಿಂದ ಕಂಡಿತು. ಆದರೆ ನಾಟಕದವನು ನಡುವೆ ನಿಲ್ಲಿಸುವುದಿಲ್ಲ. ಗಾಳಿಯಲ್ಲಿ ಮೊಳ ಹಾಕಿ, ಮಾಳಪ್ಪಜ್ಜನಿಗೆ ಮಾಳಪ್ಪಜ್ಜನ ಮೊಳ ಕೊಟ್ಟ.

ಅತ್ತೆ ಇಳಿದುಹೋದದ್ದು ನನಗೆ ತಿಳಿಯಲೇ ಇಲ್ಲ. ನಾನು ಹಿಂದೆ ಓಡಿ ಹೋಗುವಷ್ಟರಲ್ಲಿ ಅವರು ಸ್ಟೇಜು ಹತ್ತಿ, ಎಲ್ಲರೆದುರು ಮಗನ ಕೆಳಗಿನಿಂದ ಆ ಕಂಬಳಿಯನ್ನು ಎಳೆದುಕೊಂಡಿದ್ದರು. ಚಂದು ಒಂದು ಕಡೆ ವಾಲಿ ಬಿದ್ದ, ಜನ ಇದೂ ನಾಟಕವೆಂದು ನಕ್ಕರು. ಅತ್ತೆ ಕಂಬಳಿ ಜಾಡಿಸಿ ಅಜ್ಜನ ಹೆಗಲಿಗೆ ಹೊದಿಸಿದರು. "ಅಣ್ಣಾ, ಅಂಗಡಿಗೆ ನಡಿ. ಬೀಗ ತಗಸ್ತೀನಿ. ಗಾದಿ ಮ್ಯಾಲ ಕೂಡು" ಅಂದರು. ಅಳುತ್ತಿದ್ದರು.

ಅಜ್ಜ ಕೈಯಲ್ಲಿದ್ದ ತುಂಡು ಬಿಡಿಸಿದ. ಮೊಣಕೈ ಊರಲು ಜಾಗವಿರಲಿಲ್ಲ, ಗಾಳಿಯಲ್ಲೇ ತೋಳು ಮಡಿಚಿ ಬಟ್ಟೆಯನ್ನು ಅದಕ್ಕೆ ಹಚ್ಚಿ ನೋಡಿದ. ಬಟ್ಟೆ ಅವನ ಅಂಗೈಗೆ ಬಂದು ನಿಂತಿತು, ಬೆರಳಿಗೆ ಮುಟ್ಟಲಿಲ್ಲ. ಅದನ್ನು ಚೆಂದಾಗಿ ಮಡಿಚಿ ಅತ್ತೆಯ ಕೈಯಲ್ಲಿಟ್ಟ. ಸಿಟ್ಟಿರಲಿಲ್ಲ ಅವನಿಗೆ, ಅದೇ ನನಗೆ ಈಗಲೂ ತಡೆಯಲಾಗದ್ದು.

"ನಿನ್ನ ಮಗ ಚೊಲೋ ಮಾಡ್ತಾನ ತಂಗೀ" ಅಂದ. "ಮೀಸಿ ನನ್ನಂಗs ಐತಿ. ಕಂಬಳಿ ನಂದs ಐತಿ. ಮೊಳ ಮಾತ್ರ ಸಾವಕಾರಂದು."

ಗಾಡಿಗೆ ಹೋದ. ಮತ್ತೆ ಬರಲಿಲ್ಲ. ಮುಂದಿನ ವರ್ಷ ಅತ್ತೆ ನಮ್ಮವರನ್ನು ಅವನ ಹಟ್ಟಿಗೆ ಕಳಿಸಿದರು. ಆರಾಮ ಇದೀನಿ ಅಂತ ಹೇಳ್ರಿ ಎಂದು ಸಜ್ಜಿ ತೆನೆ ಕೊಟ್ಟು ಕಳಿಸಿದ್ದ, ಅಷ್ಟೇ. ಪಂಚಮಿಯವರೆಗೆ ಅಂಗಡಿ ಮುಚ್ಚಿಡುವ ಪದ್ಧತಿಯೂ ಹೋಯಿತು, ವ್ಯಾಪಾರ ಕೆಡುತ್ತದೆಂದು. ಅತ್ತೆ ಮಾತ್ರ ಬದುಕಿರುವವರೆಗೂ ಆ ದಿನ ತಂಬಿಗೆಯಲ್ಲಿ ನೀರು ಹಿಡಿದು ಮಧ್ಯಾಹ್ನದವರೆಗೆ ಅಂಗಡಿಯ ಬಾಗಿಲಿಗೆ ಕೂಡುತ್ತಿದ್ದರು. ಗಿರಾಕಿಗಳು ಅವರನ್ನು ಸುತ್ತು ಹಾಕಿ ಒಳಗೆ ಹೋಗುತ್ತಿದ್ದರು.

ಮೊನ್ನೆ ಮಹೇಶ ಮತ್ತೆ ನನ್ನ ಮೊಳದ ಬಗ್ಗೆ ನಕ್ಕಾಗ ತಡೆಯಲಾರದೆ ಇದಿಷ್ಟನ್ನೂ ಅವನಿಗೆ ಹೇಳಿಬಿಟ್ಟೆ. ಫೋಟೋದಲ್ಲಿರುವುದು ನಿಮ್ಮಪ್ಪ ಅಂತಲೂ ಹೇಳಿದೆ. ಅವನು ಗಲ್ಲಕ್ಕೆ ಕೈಯಿಟ್ಟು ಕೇಳಿದ, ಕಣ್ಣಲ್ಲಿ ನೀರೂ ಬಂತು. ಒಳ್ಳೆಯ ಹುಡುಗ.

"ದೊಡ್ಡವ್ವಾ, ಎಷ್ಟ ಛಂದ ಹೇಳ್ತೀ! ಈ ವರ್ಷ ಸಮಿತಿ ಮತ್ತ ಚಾಲೂ ಮಾಡಾಕತ್ತೀವಿ. ಸ್ಟೇಜಿನ ಮ್ಯಾಲ ಬಂದು ಹಿಂಗs ಹೇಳು" ಅಂದ. ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಖರೇ ಈ ಪ್ರಿಂಟಿನ ಸೀರಿ ಬ್ಯಾಡ. ಇಳಕಲ್ ಉಟ್ಕೊಂಡು ಬಾ, ಮೂಗಿಗೆ ದೊಡ್ಡ ನತ್ತು. ಹಳೀಕಾಲದಾಕಿ ಅನಸಬೇಕಲ್ಲ. ನತ್ತು ಇರಲಿಲ್ಲಂದ್ರ ಸಮಿತಿ ಪೆಟಗಿಯೊಳಗ ಒಂದು ಅದ" ಅಂದ.

ಅವನು ಕಟ್ಟಿಕೊಟ್ಟ ಬಟ್ಟೆಯನ್ನು ಚೀಲದಿಂದ ತೆಗೆದು, ಮೊಣಕೈ ಊರಿ ಅಳೆದೆ. ಸರಿಯಾಗಿಯೇ ಇತ್ತು. ಮೀಟರಿಗೆ ಒಂದು ಎಳೆ ಕಡಿಮೆಯಿಲ್ಲ, ಒಂದು ಎಳೆ ಹೆಚ್ಚಿಲ್ಲ.